ಗಂಜಿ ತೆಳಿಗೆ ಗ್ಯಾಸ್ ಹಾಕಿದ್ದು

ಮೊದಲೇ ಹೇಳ್ತೇನೆ, ಇದು ಕುಡೀರಿ ಅಂತ ಹೇಳುವ ಪೋಸ್ಟ್ ಅಲ್ಲ. ಕುಡಿಯದವರು ಧೈರ್ಯವಾಗಿ ಓದ್ಬಹುದು, ಕುಡಿಯುವವರು ಮಾತ್ರ ಅತ್ತೆ ಮನೆಯವರು ಫ್ರೆಂಡ್ ಲಿಸ್ಟಲ್ಲಿ ಇದ್ದಾರಾ ಅಂತ ಒಮ್ಮೆ ನೋಡಿ ಆಮೇಲೆ ಲೈಕ್ ಒತ್ತಿ. ಸ್ವಲ್ಪ ಉದ್ದ ಉಂಟು. ಆಟಿ ತಿಂಗಳು, ಹೊರಗೆ ಮಳೆ, ಕರೆಂಟ್ ಹೋಗಿ ಎರಡು ಗಂಟೆ ಆಯ್ತು, ಬೇರೆ ಎಂತ ಕೆಲಸ ಉಂಟು ಹೇಳಿ.

ಕಳೆದ ಶನಿವಾರ ಬಾವ ಬೆಂಗ್ಳೂರಿಂದ ಬಂದಿದ್ದ. ಬಾವ ಅಂದ್ರೆ ಸೋದರಮಾವನ ಮಗ, ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವ, ಐಟಿಯಲ್ಲಿ ಒಳ್ಳೆ ಕೆಲಸ, ಜನವೂ ಒಳ್ಳೆಯವನೇ, ಅಮ್ಮನಿಗೆ ಮಂಡಿನೋವಿನ ಎಣ್ಣೆ, ಮಕ್ಕಳಿಗೆ ಚಾಕ್ಲೇಟ್ ಎಲ್ಲ ಮರೀದೆ ತರ್ತಾನೆ. ಈ ಸಲ ಅದರೊಟ್ಟಿಗೆ ಒಂದು ಸಣ್ಣ ಐಸ್ ಬಾಕ್ಸಲ್ಲಿ ನಾಲ್ಕು ಕ್ಯಾನ್ ಕ್ರಾಫ್ಟ್ ಬಿಯರ್, ಅಂದ್ರೆ ಸಣ್ಣ ಕಾರ್ಖಾನೆಯವರು ಸ್ವಲ್ಪ ಸ್ವಲ್ಪವೇ ಮಾಡುವ ಬಿಯರ್, ಕೂಡ ತಂದಿದ್ದ. ತಲಪಾಡಿಯ ಗಡಿ ದಾಟಿಸಿ ಕೇರಳದ ನಮ್ಮ ಕಾಸರಗೋಡಿಗೆ ಹೇಗೆ ತಂದ ಅಂತ ಕೇಳ್ಬೇಡಿ, ಎಕ್ಸೈಸಿನವರು ಕನ್ನಡ ಪೋಸ್ಟ್ ಓದುದಿಲ್ಲ ಅಂತ ನನ್ನ ನಂಬಿಕೆ. ನಾನು ಅವ ಬರ್ತಾನೆ ಅಂತ ಬೀವರೇಜಿನ, ಅಂದ್ರೆ ಇಲ್ಲಿಯ ಸರಕಾರಿ ಮದ್ಯದಂಗಡಿಯ, ಕ್ಯೂನಲ್ಲಿ ಮುಕ್ಕಾಲು ಗಂಟೆ ಕೊಡೆ ಹಿಡ್ಕೊಂಡು ನಿಂತು ಎರಡು ಬೇರೆ ಬೇರೆ ಬ್ರಾಂಡಿನ ಮಾಮೂಲು ಬಿಯರ್ ತಂದಿದ್ದೆ, 650 ಎಂಎಲ್‌ನ ದೊಡ್ಡ ಕುಪ್ಪಿ. ಜಗಲಿಯಲ್ಲಿ ಕೂತೆವು, ಬಂಗುಡೆ ಫ್ರೈ ಬಂತು, ನಾನು ಪ್ರೀತಿಯಲ್ಲಿ ಅವನ ಲೋಟಕ್ಕೆ ಸುರಿದೆ. ಅವ ಒಂದು ಗುಟುಕು ಬಾಯಲ್ಲಿ ಇಟ್ಕೊಂಡು, ಕಣ್ಣು ಮುಚ್ಚಿ, ನುಂಗಿ, ಲೋಟವನ್ನು ಲೈಟಿಗೆ ಹಿಡಿದು ನೋಡಿ ಹೇಳಿದ, "ಬೇಜಾರ್ ಮಾಡ್ಬೇಡ ಬಾವ, ಇದು ಬಿಯರಲ್ಲ. ಗಂಜಿ ತೆಳಿಗೆ ಗ್ಯಾಸ್ ಹಾಕಿದ್ದು."

ನನಗೆ ನಗು ಬಂತು, ನಿಜವಾಗಿ ಒಳ್ಳೆ ಮಾತು. ಆದ್ರೆ ಅವನಿಗೆ ಗೊತ್ತಿಲ್ಲದೆ ಅರ್ಧ ಸತ್ಯವನ್ನೇ ಹೇಳಿದ್ದ. ಕುಪ್ಪಿಯ ಹಿಂದಿನ ಸಣ್ಣಕ್ಷರ ಓದಿ ನೋಡಿ, ನಮ್ಮಲ್ಲಿ ಸಿಗುವ ಹೆಚ್ಚಿನ ಬಿಯರಲ್ಲಿ ಬಾರ್ಲಿ ಮಾಲ್ಟಿನೊಟ್ಟಿಗೆ ಅಕ್ಕಿಯೋ ಮೆಕ್ಕೆಜೋಳವೋ ಸಕ್ಕರೆಯೋ ಎಂತಾದ್ರೂ ಒಂದು ಉಂಟು. ಕ್ರಾಫ್ಟಿನವರಿಗೆ ಇದೇ ದೊಡ್ಡ ಪಾಪ, ಖರ್ಚು ಉಳಿಸ್ಲಿಕ್ಕೆ ಅಕ್ಕಿ ತುಂಬಿಸ್ತಾರೆ ಅಂತ. ಈಗ ಖರ್ಚಿನ ಲೆಕ್ಕವೂ ಇರ್ಬಹುದು, ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಶುರು ಆದದ್ದು ಬೇರೆ ಕಾರಣಕ್ಕೆ. 19ನೇ ಶತಮಾನದಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೋದ ಬಿಯರ್ ಮಾಡುವವರಿಗೆ ಅಲ್ಲಿ ಸಿಕ್ಕಿದ ಬಾರ್ಲಿ ಬೇರೆ ಜಾತಿಯದ್ದು, ತೆನೆಯಲ್ಲಿ ಆರು ಸಾಲು ಕಾಳು, ಪ್ರೋಟೀನ್ ಜಾಸ್ತಿ, ಅದೊಂದರಿಂದಲೇ ಮಾಡಿದ್ರೆ ಬಿಯರ್ ಮಬ್ಬು ಮಬ್ಬು ಆಗ್ತಿತ್ತು, ದಪ್ಪ ಆಗ್ತಿತ್ತು. ಅಕ್ಕಿ, ಜೋಳ ಸೇರಿಸಿದ್ರೆ ತಿಳಿಯಾಯ್ತು, ಹಗುರ ಆಯ್ತು. 1876ರಲ್ಲಿ ಬಂದ ಬಡ್ವೈಸರ್‌ಗೆ ಅಕ್ಕಿ ಹಾಕಿದ್ದು ಹಾಗೆ. ಜಪಾನಿನವರೂ ಹಾಕ್ತಾರೆ, ಅವರ ಬಿಯರ್ ಬೆಂಗ್ಳೂರಿನ ಹೋಟೆಲಲ್ಲಿ ಬಂದ್ರೆ ಬಾವ 'ಕ್ಲೀನ್ ಉಂಟು, ಕ್ರಿಸ್ಪ್ ಉಂಟು' ಅಂತ ಹೇಳಿಯೇ ಕುಡೀತಾನೆ.

ಮತ್ತೆ ಗಂಜಿ ತೆಳಿ ಅನ್ನುದು ನಮ್ಮಲ್ಲಿ ಬೈಗುಳ ಯಾವಾಗ ಆಯ್ತು ಮಾರಾಯ್ರೆ? ಜ್ವರ ಬಂದ್ರೆ, ತೋಟದಿಂದ ಬೆವರು ಸುರಿಸ್ಕೊಂಡು ಬಂದ್ರೆ, ಕುಚ್ಚಲಕ್ಕಿ ಗಂಜಿಯ ತೆಳಿಗೆ ಎರಡು ಕಲ್ಲು ಉಪ್ಪು ಹಾಕಿ ಕುಡ್ದೇ ದೊಡ್ಡವರಾದದ್ದಲ್ವ ನಾವೆಲ್ಲ.

ಬಾವ ಆಗ ಜರ್ಮನಿಯ ಕಾನೂನು ತೆಗೆದ. 1516ರ ಬವೇರಿಯಾ ಕಾನೂನು, ಬಿಯರಿಗೆ ಬಾರ್ಲಿ, ಹಾಪ್ಸ್ ಅನ್ನುವ ಕಹಿ ಹೂ, ನೀರು ಬಿಟ್ಟು ಬೇರೆ ಎಂತದೂ ಹಾಕ್ಲಿಕ್ಕಿಲ್ಲ ಅಂತ. ಕ್ರಾಫ್ಟಿನವರಿಗೆ ಇದು ವೇದವಾಕ್ಯದ ಹಾಗೆ. ಆದ್ರೆ ಆ ಕಾನೂನು ಶುರುವಾಗುದೇ ಬಿಯರಿನ ರೇಟಿಂದ, ಯಾವ ಸೀಸನಲ್ಲಿ ಎಷ್ಟಕ್ಕಿಂತ ಜಾಸ್ತಿ ತಗೊಳ್ಳಬಾರ್ದು ಅಂತ. ಅಂದ್ರೆ ಮಾಮೂಲು ಜನರ ಕೈಗೆ ಎಟಕುವ ಬಿಯರಿಗೆ ಮಾಡಿದ ಕಾನೂನು ಅದು, ಅದನ್ನು ಹಿಡ್ಕೊಂಡು ಮಾಮೂಲು ಜನರ ಬಿಯರಿಗೇ ಬೈಯುದು! ಅದೂ ಅಲ್ದೆ ಅವ ತಂದ ನಾಲ್ಕು ಕ್ಯಾನಲ್ಲಿ ಒಂದಕ್ಕೆ ಮಾವಿನಹಣ್ಣು ಹಾಕಿದ್ರು. ಅದನ್ನು ತೋರಿಸಿದೆ. ಅವ ಬಂಗುಡೆಯ ಮುಳ್ಳು ತೆಗೀಲಿಕ್ಕೆ ಶುರು ಮಾಡಿದ.

ಮಾಮೂಲು ಬಿಯರ್ ಚಪ್ಪೆ ಅಂತ ಕ್ರಾಫ್ಟಿನವರು ಹೇಳುದುಂಟಲ್ಲ, ಈಗ ಆ 'ಚಪ್ಪೆ' ಅನ್ನುವ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ನನಗೆ ಜಾಸ್ತಿ ಮಂಡೆಬಿಸಿ ಆಗುದು ಇದರಲ್ಲೇ. ಮಾಮೂಲು ಬಿಯರ್ ಅಂತ ನಾವು ಕುಡಿಯುದು ಹೆಚ್ಚು ಕಮ್ಮಿ ಎಲ್ಲ ಲಾಗರ್. ಲಾಗರ್ ಅಂದ್ರೆ ಜರ್ಮನ್ ಭಾಷೆಯಲ್ಲಿ ದಾಸ್ತಾನು, ಉಗ್ರಾಣ, ಆ ಅರ್ಥ. ಬಿಯರಿನ ಇನ್ನೊಂದು ಜಾತಿ ಏಲ್, ಅದನ್ನು ಬೆಚ್ಚಗೆ ಹುದುಗು ಬರಿಸಿ ಎರಡು ವಾರದಲ್ಲಿ ಮುಗಿಸ್ಬಹುದು. ಲಾಗರ್ ಹಾಗಲ್ಲ, 10 ಡಿಗ್ರಿ ಆಸುಪಾಸಿನ ತಂಪಲ್ಲಿ ನಿಧಾನ ಹುದುಗಬೇಕು, ಮತ್ತೆ ಸೊನ್ನೆ ಡಿಗ್ರಿ ಹತ್ರ ಕೆಲವು ವಾರ ಸುಮ್ಮನೆ ಕೂರ್ಬೇಕು. ಮುಚ್ಚಿಟ್ಟುಕೊಳ್ಳಲಿಕ್ಕೆ ಅದರಲ್ಲಿ ಎಂತದೂ ಇಲ್ಲ. ಐಪಿಎ ಅನ್ನುವ ಕಹಿ ಏಲ್ ಮಾಡುವಾಗ ಸಣ್ಣಪುಟ್ಟ ಎಡವಟ್ಟಾದ್ರೆ ಮುಷ್ಟಿ ತುಂಬ ಹಾಪ್ಸ್ ಹಾಕಿ ಸುಧಾರಿಸ್ಬಹುದು, ಕಹಿಯಲ್ಲಿ ಎಲ್ಲ ಮುಳುಗಿ ಹೋಗ್ತದೆ. ಲಾಗರಲ್ಲಿ ಬೆಣ್ಣೆ ಜಿಡ್ಡಿನ ವಾಸನೆಯೋ ಬೇಯಿಸಿದ ಮೆಕ್ಕೆಜೋಳದ ವಾಸನೆಯೋ ಒಂಚೂರು ಬಂದ್ರೂ ಗುಟ್ಟು ರಟ್ಟು.

ನೀರುದೋಸೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಅಕ್ಕಿ, ನೀರು, ಉಪ್ಪು, ಅಷ್ಟೆ. ಮಸಾಲೆದೋಸೆಯ ಹಿಟ್ಟು ಹೆಚ್ಚು ಹುಳಿ ಬಂದ್ರೆ ಕೆಂಪು ಚಟ್ನಿ ಸವರಿ ಪಲ್ಯ ತುಂಬಿಸಿದ್ರೆ ಯಾರಿಗೂ ಗೊತ್ತಾಗುದಿಲ್ಲ, ನೀರುದೋಸೆಯ ಅಕ್ಕಿ ಹಳೇದಾದ್ರೆ, ಕಾವಲಿಯ ಬಿಸಿ ಒಂಚೂರು ತಪ್ಪಿದ್ರೆ ಬಟ್ಟಲಲ್ಲೇ ಮಾನ ಹೋಗ್ತದೆ. ನೀರುದೋಸೆ ಚಪ್ಪೆ ಅಂತ ಯಾರಾದ್ರೂ ಮೂಗು ಮುರೀತಾರಾ? ಅದು ಇರುದೇ ಕೋಳಿ ಸಾರಿಗೆ ಜಾಗ ಬಿಟ್ಟುಕೊಡ್ಲಿಕ್ಕೆ. ಹಾಗೆ ತಂಪು ಲಾಗರ್ ಇರುದು ನಮ್ಮ ಸೆಕೆಗೆ, ಉಪ್ಪು ಖಾರ ಹಿಡಿದ ಬಂಗುಡೆಗೆ. ಬಾವನ ಐಪಿಎಯೊಟ್ಟಿಗೆ ನಮ್ಮ ಮೀನಿನ ಮಸಾಲೆ ತಿಂದ್ರೆ ಬಾಯಲ್ಲಿ ಎರಡೂ ಜಗಳ ಮಾಡ್ತವೆ, ನಾನು ತಿಂದು ನೋಡಿಯೇ ಹೇಳುದು.

ಈ ಹೊಂಬಣ್ಣದ ತಿಳಿ ಲಾಗರ್ ಹುಟ್ಟಿದ ಕಥೆಯೂ ಗಮ್ಮತ್ತುಂಟು. 1838ರಲ್ಲಿ, ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನವರು ಅಲ್ಲಿಯ ಬಿಯರ್ ಹಾಳಾಗಿದೆ ಅಂತ ಸಿಟ್ಟಲ್ಲಿ ಪೀಪಾಯಿ ಪೀಪಾಯಿ ಬೀದಿಗೆ ಚೆಲ್ಲಿದ್ರಂತೆ, ಮತ್ತೆ ಊರವರೇ ಸೇರಿ ಹೊಸ ಕಾರ್ಖಾನೆ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವನನ್ನು ಕರೆಸಿ, 1842ರಲ್ಲಿ ಅವ ಮಾಡಿಕೊಟ್ಟದ್ದೇ ಪಿಲ್ಸ್ನರ್. ಇವತ್ತಿನ ನಮ್ಮ ಬೀವರೇಜಿನ ಕುಪ್ಪಿಯೂ ಅದೇ ಕುಟುಂಬದ್ದೇ, ಸ್ವಲ್ಪ ದೂರದ ಸಂಬಂಧ. ಇನ್ನು ಡೆನ್ಮಾರ್ಕಿನ ಬಿಯರ್ ಕಂಪೆನಿ ಕಾರ್ಲ್ಸ್‌ಬರ್ಗಿನ ಲ್ಯಾಬಲ್ಲಿ 1883ರಲ್ಲಿ ಹಾನ್ಸೆನ್ ಅನ್ನುವವರು ಶುದ್ಧ ಈಸ್ಟನ್ನು ಬೇರ್ಪಡಿಸಿ ಬೆಳೆಸುದು ಹೇಗೆ ಅಂತ ಕಂಡುಹಿಡಿದ್ರು, ಕಂಪೆನಿ ಅದನ್ನು ಗುಟ್ಟು ಮಾಡದೆ ಬೇರೆಯವರಿಗೂ ಕೊಟ್ಟಿತು, ಇವತ್ತು ಕ್ರಾಫ್ಟ್ ಮಾಡುವ ಹುಡುಗರು ಪ್ಯಾಕೆಟ್ ಈಸ್ಟ್ ತರಿಸುದರ ಹಿಂದೆ ಆ ಕೆಲಸ ಉಂಟು. ಅದೇ ಲ್ಯಾಬಲ್ಲಿ 1909ರಲ್ಲಿ ಹುಳಿ ಎಷ್ಟುಂಟು ಅಂತ ಹೇಳುವ ಪಿಎಚ್ ಅಳತೆ ಬಂತು. ತೋಟದ ಮಣ್ಣು ಪರೀಕ್ಷೆಗೆ ಕೊಟ್ಟು ಪಿಎಚ್ ಕಮ್ಮಿ ಉಂಟು, ಸುಣ್ಣ ಹಾಕಿ ಅಂತ ಚೀಟಿ ತಗೊಂಡು ಬರುವ ಅಡಿಕೆಯವರು ಯಾರೂ ಅದು ಬಿಯರ್ ಕಂಪೆನಿಯ ಕೊಡುಗೆ ಅಂತ ನೆನಸ್ಲಿಕ್ಕಿಲ್ಲ.

ಐಪಿಎ ಅಂದೆನಲ್ಲ, ಅದರ ಪೂರ್ತಿ ಹೆಸರಲ್ಲಿ ಇಂಡಿಯಾ ಉಂಟು, ಇಂಡಿಯಾ ಪೇಲ್ ಏಲ್. ಲಂಡನ್ನಿನ ಹಾಜ್ಸನ್ ಅನ್ನುವವರ ಕಾರ್ಖಾನೆಯಿಂದ ಈಸ್ಟ್ ಇಂಡಿಯಾ ಕಂಪೆನಿಯ ಹಡಗಲ್ಲಿ ಇಲ್ಲಿನ ದೊರೆಗಳಿಗೆ ಬರ್ತಿದ್ದ ಸರಕು. 1820ರ ದಶಕದಲ್ಲಿ ಇಂಗ್ಲೆಂಡಿನದ್ದೇ ಬರ್ಟನ್ ಊರಿನವರು ಪೈಪೋಟಿಗೆ ಇಳಿದ್ರು. ಪೀಪಾಯಿಗಟ್ಟಲೆ ಮಾಡಿ ಸಮುದ್ರ ದಾಟಿಸಿ ಮಾರಿದ ಮಾಲು ಅದು, ಕುಶಲಕರ್ಮಿ ಹಟ್ಟಿಯಲ್ಲಿ ಕೂತು ಪ್ರೀತಿಯಿಂದ ಮಾಡಿದ್ದೇನಲ್ಲ. ಇನ್ನೂರು ವರ್ಷ ಹಿಂದಿನ ಹೋಲ್‌ಸೇಲ್ ಬಿಯರ್ ಈಗ ಬೆಂಗ್ಳೂರಲ್ಲಿ ರುಚಿ ಗೊತ್ತಿದ್ದವರ ಬಿಯರ್!

ಇಷ್ಟೆಲ್ಲ ಹೇಳಿದ ಮೇಲೆ ಬಾವ ಒಂದೇ ಮಾತಲ್ಲಿ, "ಎಲ್ಲ ಸರಿ ಬಾವ, ಆದ್ರೆ ಕಣ್ಣು ಕಟ್ಟಿ ಕೊಟ್ರೂ ನಾನು ಹೇಳ್ತೇನೆ" ಅಂದ. ಆಯ್ತು ಅಂತ ಐದು ಸ್ಟೀಲ್ ಲೋಟ ತರಿಸಿದೆ, ಬಣ್ಣ ಕಾಣ್ಬಾರ್ದಲ್ಲ. ಹೆಂಡತಿ ಅಡಿಗೆ ಕೋಣೆಯಲ್ಲಿ ಸುರಿದು, ನೀವು ಇಬ್ಬರಿಗೂ ಬೇರೆ ಕಸುಬಿಲ್ಲ ಅಂತ ಬೈಕೊಂಡು ತಂದಿಟ್ಟಳು. ಅಮೆರಿಕದಲ್ಲಿ 1964ರಲ್ಲಿ ಇಂಥದ್ದೇ ಒಂದು ಅಧ್ಯಯನ ಬಂದಿತ್ತು, ಲೇಬಲ್ ಇಲ್ಲದ ಕುಪ್ಪಿ ಕೊಟ್ಟಾಗ ಹೆಚ್ಚಿನವರಿಗೆ ತಮ್ಮ ಮಾಮೂಲು ಬ್ರಾಂಡ್ ಯಾವುದು ಅಂತ ಗುರುತೇ ಸಿಗ್ಲಿಲ್ಲ. ಅದನ್ನು ಓದಿದ ಧೈರ್ಯ ನನಗೆ. ಬಾವ ಐದಕ್ಕೆ ಐದೂ ಸರಿ ಹೇಳಿದ. ನನ್ನ ಎರಡು ಕುಪ್ಪಿಯಲ್ಲಿ ಯಾವುದು ಯಾವುದು ಅಂತ ಕೂಡ ಹೇಳಿದ. ಹೆಂಡತಿ ಕೈ ತಟ್ಟಿದ್ಳು. ನನ್ನ ಮುಖ ಹೇಗಾಗಿತ್ತು ಅಂತ ಮಗ ಫೋಟೋ ತೆಗೆದಿದ್ದಾನೆ, ಹಾಕುದಿಲ್ಲ.

ಹಾಗಾಗಿ ಒಪ್ಪಿಕೊಳ್ತೇನೆ, ವ್ಯತ್ಯಾಸ ಉಂಟು, ಬಾವನಿಗೆ ನಾಲಿಗೆಯೂ ಉಂಟು. ಒಳ್ಳೆ ಕ್ರಾಫ್ಟ್ ಬಿಯರ್ ಒಳ್ಳೆಯದೇ. ಮತ್ತೆ ನಾನು ದೊಡ್ಡ ಕಂಪೆನಿಗಳ ವಕೀಲನೂ ಅಲ್ಲ. ರೇಟ್ ಒಟ್ಟಿಗೆ ಕೂತು ನಿಶ್ಚಯ ಮಾಡಿದ್ದಕ್ಕೆ 2021ರಲ್ಲಿ ಕಂಪೆನಿಗಳ ಪೈಪೋಟಿ ನೋಡಿಕೊಳ್ಳುವ ಕಾಂಪಿಟಿಷನ್ ಕಮಿಷನ್ ಬಿಯರ್ ಕಂಪೆನಿಗಳಿಗೆ ಒಟ್ಟು 873 ಕೋಟಿ ದಂಡ ಹಾಕಿದ್ದು ಗೊತ್ತುಂಟು. ಆದ್ರೆ ಸಣ್ಣ ಕಾರ್ಖಾನೆ ಅಂತ ಹಾಡಿ ಹೊಗಳಿದ್ದನ್ನೂ ದೊಡ್ಡವರು ಕೊಂಡುಕೊಳ್ತಾರೆ, ಚಿಕಾಗೋದ ಗೂಸ್ ಐಲ್ಯಾಂಡ್ 2011ರಲ್ಲಿ ಬಡ್ವೈಸರಿನವರ ಪಾಲಾಯ್ತು, ಕ್ಯಾಲಿಫೋರ್ನಿಯಾದ ಲಾಗುನಿಟಾಸ್ 2017ಕ್ಕೆ ಪೂರ್ತಿ ಡಚ್ ಕಂಪೆನಿ ಹೈನೆಕೆನ್ನಿನದ್ದಾಯ್ತು, ನಮ್ಮ ಕಿಂಗ್‌ಫಿಶರ್ ಮಾಡುವ ಯುನೈಟೆಡ್ ಬ್ರೂವರೀಸಿನ ಹಿಡಿತವೂ 2021ರಿಂದ ಅದೇ ಹೈನೆಕೆನ್ ಕೈಯಲ್ಲಿ. ಯಾವ ಕುಪ್ಪಿ ಎತ್ತಿದ್ರೂ ಕೊನೆಗೆ ದುಡ್ಡು ಒಂದೇ ಚೀಲಕ್ಕೆ ಬೀಳುದು.

ನನಗೆ ಕುಟುಕಿದ್ದು ರುಚಿಯ ವಿಷಯ ಅಲ್ಲವೇ ಅಲ್ಲ. ಗೆದ್ದ ಖುಷಿಯಲ್ಲಿ ಬಾವ ಹೇಳಿದ ಇನ್ನೊಂದು ಮಾತು. "ಇದನ್ನು ಕುಡಿಯುವವರಿಗೆ ಎಂತ ಗೊತ್ತಾಗ್ತದೆ ಬಾವ, ಅವರಿಗೆ ಕಿಕ್ ಬಂದ್ರೆ ಆಯ್ತು."

ಅವರಿಗೆ. ಈ 'ಅವರು' ಯಾರು? ನಮ್ಮ ಕಡೆ ಇದ್ದದ್ದು ಬಿಟ್ಟು ಬೇರೆ ಆರಿಸ್ಲಿಕ್ಕೆ ಯಾವಾಗ ಇತ್ತು? 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು, ಕುಪ್ಪಿ ಮಾರುದು ಇಲ್ಲಿ ಸರಕಾರದ ಕೆಲಸ, ಅವರು ಶೆಲ್ಫಲ್ಲಿ ಇಟ್ಟದ್ದು ನಮ್ಮ ರುಚಿ. ತಿಂಗಳ ಒಂದನೇ ತಾರೀಕಿಗೆ ಅದೂ ಬಂದ್. 2014ರಲ್ಲಿ ಫೈವ್ ಸ್ಟಾರ್ ಅಲ್ಲದ ಬಾರುಗಳನ್ನು ಮುಚ್ಚಿಸ್ಲಿಕ್ಕೆ ಹೊರಟ್ರು, ಅದರಲ್ಲಿ ಸುಮಾರು ಬಾರುಗಳು ಬಿಯರ್ ವೈನ್ ಪಾರ್ಲರ್ ಆಗಿ ಉಳ್ಕೊಂಡವು, 2017ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ಎರಡು ಮೂರು ವರ್ಷ ಬ್ರಾಂದಿಯವರೂ ಬಾಯಿ ಮುಚ್ಕೊಂಡು ಪಾರ್ಲರಲ್ಲಿ ಬಿಯರ್ ಕುಡ್ದದ್ದು ನಾನೇ ನೋಡಿದ್ದೇನೆ. ಅವರ ಹತ್ರ ಹೋಗಿ ಹಾಪ್ಸ್ ಯಾವ ದೇಶದ್ದು ಅಂತ ಕೇಳಿದ್ರೆ ನಿಮ್ಮನ್ನೇ ಯಾವ ದೇಶದವ ಅಂತ ಕೇಳ್ತಿದ್ರು.

ಇನ್ನೊಂದು ವಿಷಯ. ಕ್ರಾಫ್ಟ್ ಪಬ್ಬಿನ ಮೆನುವಿನಲ್ಲಿ ಎಂತೆಲ್ಲ ಬರ್ದಿರ್ತಾರೆ ನೋಡಿ. ಸ್ಥಳೀಯ, ತಾಜಾ, ಸೋಸದ್ದು, ಬಿಸಿ ಮಾಡಿ ಈಸ್ಟನ್ನು ಕೊಲ್ಲದ್ದು, ಪ್ರಿಸರ್ವೇಟಿವ್ ಇಲ್ಲದ್ದು, ಗಾಳಿಯ ಈಸ್ಟಿಂದ ತನ್ನಷ್ಟಕ್ಕೆ ಹುದುಗಿದ್ದು, ಒಂದು ಬ್ಯಾಚಿನ ಹಾಗೆ ಇನ್ನೊಂದಿಲ್ಲದ್ದು. ಬ್ರಸೆಲ್ಸ್ ಹತ್ತಿರ ಲಾಂಬಿಕ್ ಅಂತ ಮಾಡ್ತಾರೆ, ರಾತ್ರಿ ತೆರೆದ ಪಾತ್ರೆಯಲ್ಲಿ ಇಟ್ಟು ಗಾಳಿಯಲ್ಲಿದ್ದ ಈಸ್ಟ್ ಬಂದು ಕೂರ್ಲಿ ಅಂತ ಬಿಡುದು, ಜಗತ್ತೇ ತಲೆಬಾಗುವ ಬಿಯರ್ ಅದು. ಈಗ ಹೇಳಿ, ಈ ಪಟ್ಟಿಯಲ್ಲಿ ನಮ್ಮ ಗಡಂಗಿನ ಕಳ್ಳಿಗೆ ಹೊಂದದ್ದು ಯಾವುದುಂಟು? ಮೂರ್ತೆದಾರ ಬೆಳಿಗ್ಗೆ ಸಂಜೆ ಮರ ಹತ್ತಿ, ತೆಂಗಿನ ಹೂಗೊನೆಯನ್ನು ಬಡಿದು ಕಟ್ಟಿ, ತುದಿಯನ್ನು ತೆಳ್ಳಗೆ ಕೊಯ್ದು ಮಡಕೆ ಕಟ್ತಾನೆ. ಇಳಿಸಿದ ಕೂಡ್ಲೆ ಸಿಹಿ, ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಗಡ್ಸು, ಮರುದಿನ ಹುಳಿ. ಅದು ಹುದುಗುವ ಅವಸರ ಎಷ್ಟು ಅಂದ್ರೆ, ಹುದುಗದ ಹಾಗೆ ಇಳಿಸ್ಲಿಕ್ಕೆ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯ ವಿಜ್ಞಾನಿಗಳು ಐಸ್ ತುಂಬುವ ಪೆಟ್ಟಿಗೆಯನ್ನೇ ಮಾಡಿ ಮರಕ್ಕೆ ಕಟ್ಟಬೇಕಾಯ್ತು, ಹಾಗೆ ತೆಗೆದ ರಸವನ್ನೇ ಕಲ್ಪರಸ ಅಂತ ಮಾರುದು. ಇಷ್ಟು ಕ್ರಾಫ್ಟ್ ಇನ್ನೆಲ್ಲಿ ಉಂಟು? ಆದ್ರೆ ಬಾವನನ್ನು ಗಡಂಗಿಗೆ ಕರೆದು ನೋಡಿ, ಯಾರಾದ್ರೂ ನೋಡಿದ್ರೆ ಅಂತಾನೆ. ಬೆಲ್ಜಿಯಂನ ಹುಳಿ ಬಿಯರಿಗೆ ನಾನೂರು ಐನೂರು ಕೊಡ್ತಾನೆ, ಗಡಂಗಿನ ಬೆಂಚಲ್ಲಿ ಕೂತು ಮರುವಾಯಿ ಸುಕ್ಕ ತಿನ್ಲಿಕ್ಕೆ ಮರ್ಯಾದೆ ಅಡ್ಡ ಬರ್ತದೆ. ಆ ಬೆಂಚಲ್ಲಿ ಪಕ್ಕ ಯಾರು ಕೂರ್ತಾರೆ ಅನ್ನುದೇ ಅವನ ಸಮಸ್ಯೆ, ಲೋಟದಲ್ಲಿ ಇದ್ದದ್ದಲ್ಲ.

ಬಾವನಿಗೆ ಬೈದದ್ದು ಜಾಸ್ತಿ ಆಯ್ತು ಅಂತ ಕಾಣ್ತದೆ. ನನ್ನದೂ ಹೇಳ್ಬೇಕು.

2011ರಿಂದ ನಾಲ್ಕು ವರ್ಷ ನಾನೂ ಬೆಂಗ್ಳೂರಲ್ಲಿದ್ದೆ. ಅಲ್ಲಿ ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಕೊಡುವ ಮೈಕ್ರೋಬ್ರೂವರಿಗಳು ಆಗಷ್ಟೇ ಶುರುವಾಗುವ ಸಮಯ, ಗಾಜಿನ ಹಿಂದೆ ತಾಮ್ರದ ಟ್ಯಾಂಕಿ, ಮರದ ಹಲಗೆಯಲ್ಲಿ ಆರು ಸಣ್ಣ ಗ್ಲಾಸ್ ಇಟ್ಟು ತರುದು, ನನಗೆ ತಲೆ ತಿರುಗಿತ್ತು. ಕಹಿಯನ್ನು ಅಳೆಯುವ ಐಬಿಯು ಅಂತ ಒಂದು ಲೆಕ್ಕ ಉಂಟು, ಮಾಮೂಲು ಲಾಗರಿಗೆ ಹತ್ತರ ಆಚೀಚೆ, ಐಪಿಎಗೆ ನಲವತ್ತರಿಂದ ಎಪ್ಪತ್ತರವರೆಗೆ. ಅದನ್ನು ಬಾಯಿಪಾಠ ಮಾಡಿ ಸಿಕ್ಕಿದವರಿಗೆಲ್ಲ ಕೊರೀತಿದ್ದೆ. 2014ರ ಆಟಿಯಲ್ಲಿ ರಜೆಯಲ್ಲಿ ಮನೆಗೆ ಬಂದಿದ್ದೆ. ಮಳೆ ಎರಡು ದಿನ ಬಿಟ್ಟಿತ್ತು, ಅಡಿಕೆಗೆ ಕೊಳೆರೋಗದ ಎರಡನೇ ಸಲದ ಮದ್ದು ಬಿಡುದು ನಡೀತಿತ್ತು. ಮದ್ದು ಬಿಡ್ಲಿಕ್ಕೆ ಬರುವ ಅಣ್ಣ ನಾನು ಶಾಲೆಗೆ ಹೋಗುವಾಗಿಂದ ಬರುವವರು, ಬೆಳಿಗ್ಗೆಯಿಂದ ಮರದಿಂದ ಮರಕ್ಕೆ ಹೋಗಿ ಸಂಜೆ ಇಳಿಯುವಾಗ ಅಂಗಿ ಮೈಲುತುತ್ತಿನ ನೀಲಿಯಲ್ಲಿ ಒಣಗಿ ಹಪ್ಪಳದ ಹಾಗೆ ಸೆಟೆದು ನಿಂತಿರ್ತದೆ, ಹುಬ್ಬಲ್ಲೂ ನೀಲಿ. ಆ ದಿನ ಟ್ಯಾಂಕಿ ಹತ್ರ ಕೈಕಾಲು ತೊಳ್ಕೊಂಡು, ಸ್ಕೂಟರಿನ ಡಿಕ್ಕಿಯಿಂದ ಪೇಪರಲ್ಲಿ ಸುತ್ತಿದ ಒಂದು ಕುಪ್ಪಿ ತೆಗೆದ್ರು. ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಿತ್ತು, ನೀವು ಊರಿಗೆ ಬಂದಿದ್ದೀರಿ ಅಂತ ಗೊತ್ತಾಯ್ತು, ಹಾಗೆ ತಂದೆ ಅಂತ. ಎರಡು ಲೋಟಕ್ಕೆ ಸಮ ಸಮ ಸುರಿದ್ರು, ನನ್ನದಕ್ಕೆ ಒಂದು ಬೆರಳು ಜಾಸ್ತಿಯೇ.

ನಾನು ಎಂತ ಮಾಡಿದೆ ಗೊತ್ತುಂಟಾ? ಒಂದು ಗುಟುಕು ಕುಡಿದು ಐಬಿಯು ಹೇಳ್ಲಿಕ್ಕೆ ಶುರು ಮಾಡಿದೆ. ಇದಕ್ಕೆ ಅಕ್ಕಿ ಹಾಕ್ತಾರೆ, ಇದು ಬಿಯರೇ ಅಲ್ಲ ಅಣ್ಣ, ನಾನು ನಿಮಗೊಮ್ಮೆ ನಿಜವಾದ್ದು ಕುಡಿಸ್ತೇನೆ ಅಂತ. ಅವರು ಪೂರ್ತಿ ಕೇಳಿಸ್ಕೊಂಡ್ರು, ಮಧ್ಯೆ ಒಮ್ಮೆ ಹೌದಾ ಅಂದ್ರು. ನಂತರ ಮೆಲ್ಲ, "ನಿಮಗೆ ಇದು ಆಗುದಿಲ್ಲ ಅಲ್ವಾ" ಅಂತ ಹೇಳಿದ್ರು. ನನಗೆ ಆಗಲೂ ಬುದ್ಧಿ ಬರ್ಲಿಲ್ಲ. ಅರ್ಧ ಲೋಟ ತಿಟ್ಟೆ ಮೇಲೆ ಬಿಟ್ಟು ಫೋನ್ ಬಂತು ಅಂತ ಒಳಗೆ ಹೋದೆ. ವಾಪಸ್ ಬರುವಾಗ ಅವರು ಹೋಗಿದ್ರು. ನಾನು ಬಿಟ್ಟದ್ದನ್ನು ಬಾಳೆ ಬುಡಕ್ಕೆ ಚೆಲ್ಲಿ, ಎರಡೂ ಲೋಟ ತೊಳೆದು ಕವುಚಿ ಇಟ್ಟಿದ್ರು. ಮಗಳಿಗೆ ಸೀಟ್ ಎಲ್ಲಿ ಸಿಕ್ಕಿತು ಅಂತ ಕೂಡ ನಾನು ಕೇಳಿರ್ಲಿಲ್ಲ.

ಈ ಕಥೆಯನ್ನು ಶನಿವಾರ ರಾತ್ರಿ ಬಾವನಿಗೆ ಹೇಳಿದೆ. ಅವ ಎಂತ ಹೇಳ್ಲಿಲ್ಲ, ಕುಪ್ಪಿಯಲ್ಲಿ ಉಳಿದ ಗಂಜಿ ತೆಳಿಯನ್ನು ತನ್ನ ಲೋಟಕ್ಕೆ ಸುರಿದುಕೊಂಡ.

ಭಾನುವಾರ ಒಳ್ಳೆ ಬಿಸಿಲು ಬಿಟ್ಟಿತು. ಬೆಳಿಗ್ಗೆ ಏಳಕ್ಕೇ ಮದ್ದಿನ ಅಣ್ಣ ಹಾಜರ್. ಈಗ ಅವರು ಮರ ಹತ್ತುದಿಲ್ಲ, ಉದ್ದದ ದೋಟಿ ಹಿಡಿದು ನೆಲದಿಂದಲೇ ಬಿಡುದು, ಕೂದಲು ಬೆಳ್ಳಗಾಗಿದೆ, ಮಗಳು ಹೊರದೇಶದಲ್ಲಿ ನರ್ಸ್. ಸಂಜೆ ಕೆಲಸ ಬಿಡುವಾಗ ಬಾವನೇ ಎದ್ದು ಹೋಗಿ ಉಳಿದ ಎರಡು ಕ್ಯಾನಲ್ಲಿ ಒಂದನ್ನು ತಂದು ಒಡೆದು ಅವರ ಲೋಟಕ್ಕೆ ಸುರಿದ, ಅದೇ ಐಪಿಎ, ಅರವತ್ತು ಐಬಿಯುದ್ದು. ಅವರು ಮೂಸಿ ನೋಡಿದ್ರು, ಒಂದು ಗುಟುಕು ಕುಡ್ದು ಮುಖ ಹುಳ್ಳಗೆ ಮಾಡಿ ನನ್ನ ಕಡೆ ನೋಡಿದ್ರು.

"ಕಿರಾತಕಡ್ಡಿ ಕಷಾಯ ಅಲ್ವಾ ಇದು? ಮನೆಯಲ್ಲಿ ಯಾರಿಗೆ ಜ್ವರ?"

ಬಾವ ನಕ್ಕು, ಬೇಡದಿದ್ರೆ ಬಿಡಿ ಅಣ್ಣ, ಒತ್ತಾಯ ಇಲ್ಲ ಅಂದ. ಅವರು ಬಿಡ್ಲಿಲ್ಲ. ತಿಟ್ಟೆಯಲ್ಲಿ ಕೂತು, ಅಡಿಕೆಗೆ ಈ ವರ್ಷ ಕೊಳೆ ಎಷ್ಟುಂಟು, ಮೇಲಿನ ಮನೆಯವರ ತೋಟದಲ್ಲಿ ಎಷ್ಟು ಉದುರಿದೆ ಅಂತೆಲ್ಲ ಮಾತಾಡ್ತಾ, ಮಧ್ಯೆ ಮಧ್ಯೆ ಕಣ್ಣು ಮುಚ್ಕೊಂಡು ಒಂದೊಂದೇ ಗುಟುಕು, ಲೋಟದ ತಳ ಕಾಣುವವರೆಗೂ ಕುಡ್ದ್ರು. ಎದ್ದು ಲೋಟ ತೊಳೆದು ಕವುಚಿ ಇಟ್ಟು, ಸ್ಕೂಟರ್ ಸ್ಟಾರ್ಟ್ ಮಾಡಿ, ಹೋಗುವಾಗ ಹೇಳಿದ್ದು ಇಷ್ಟೆ, ನಾಳೆಗೆ ಮೈಲುತುತ್ತು ಸಾಕಾಗ್ಲಿಕ್ಕಿಲ್ಲ, ಎರಡು ಕಿಲೋ ತರಿಸಿಡಿ.